ಸಿಟಿ ಕೌನ್ಸಿಲ್ ಎರಡು ವರ್ಷದ ವಸತಿ ಗುರಿ ಬರೆಯುತ್ತಿದೆ: ಮೂರು ನಿಮಿಷದಲ್ಲಿ ಏನು ಕೇಳಬೇಕು?

ಮೂಲೆಮನೆ

ಕ್ಯಾಲಿಫೋರ್ನಿಯಾದ ಬೇ ಏರಿಯಾದಲ್ಲಿ (ಸ್ಯಾನ್ ಫ್ರಾನ್ಸಿಸ್ಕೊ ಸುತ್ತಮುತ್ತ) ಇರುವವರಿಗೆ ಮುಖ್ಯವಾಗಿ ಈ ಪ್ರಶ್ನೆ. ಬೇರೆ ಕಡೆಯವರೂ ಬರೆಯಿರಿ.

ನಮ್ಮದು ಸಣ್ಣ ಉಪನಗರ. ಬಹುಪಾಲು ಒಂಟಿ ಮನೆಗಳು. ಅಂಚಿನಲ್ಲಿ ರೈಲು ನಿಲ್ದಾಣ, ನಡುವೆ ಅರ್ಧಕ್ಕರ್ಧ ಅಂಗಡಿ ಮುಚ್ಚಿರುವ ಹಳೇ ಶಾಪಿಂಗ್ ಸೆಂಟರ್. ಮುಂದಿನ ವಾರ ಕೌನ್ಸಿಲ್ ವಿಶೇಷ ಸಭೆ ಕರೆದು ಎರಡು ವರ್ಷದ ಗುರಿಗಳನ್ನು ತೀರ್ಮಾನ ಮಾಡುತ್ತದೆ. ಕರಡು ಓದಿದೆ. 'ಸಮತೋಲನದ ಬೆಳವಣಿಗೆ', 'ಊರಿನ ಚಹರೆ ಉಳಿಸಿಕೊಳ್ಳುವುದು', 'ಎಲ್ಲ ಆದಾಯದವರಿಗೂ ಮನೆ'. ಇದಕ್ಕೆ ಯಾರು ತಾನೇ ಬೇಡ ಅಂತಾರೆ? ನನಗೆ ಅನುಮಾನ ಬಂದಿದ್ದೇ ಅಲ್ಲಿ.

ಮಾತಾಡಲು ತಲಾ ಮೂರು ನಿಮಿಷ ಕೊಡುತ್ತಾರೆ. ನಾನು ಮನೆ ಕಟ್ಟಲಿ ಅನ್ನುವ ಕಡೆಯವಳು. ಆದರೆ 'ಮನೆ ಕಟ್ಟಿ' ಅಂತ ಸುಮ್ನೆ ಹೇಳಿ ಬಂದರೆ ಅವರು ತಲೆಯಾಡಿಸಿ ಮುಂದಿನವರನ್ನು ಕರೆಯುತ್ತಾರೆ. ಏನು ಕೇಳಿದರೆ ಅವರು ಉತ್ತರ ಕೊಡಲೇಬೇಕಾಗುತ್ತದೆ?

ನಕ್ಷೆಗಾರ

ಒಂದು ಸಿಟಿಯ ಪ್ಲಾನಿಂಗ್ ವಿಭಾಗದಲ್ಲಿ ಕೆಲವು ಕಾಲ ಕೆಲಸ ಮಾಡಿದ್ದೇನೆ, ಹಾಗಾಗಿ ಸ್ವಲ್ಪ ಉದ್ದ ಬರೆಯುತ್ತೇನೆ.

ಮೊದಲು ಒಂದು ವಿಷಯ. ನಿಮ್ಮ ಕೌನ್ಸಿಲ್ ಎಷ್ಟು ಮನೆ ಬೇಕು ಅಂತ ತಾನೇ ತೀರ್ಮಾನ ಮಾಡುವುದಿಲ್ಲ. ಆ ಸಂಖ್ಯೆ ಮೇಲಿನಿಂದ ಬಂದಾಗಿದೆ. ಎಂಟು ವರ್ಷಕ್ಕೊಮ್ಮೆ ರಾಜ್ಯ ಸರ್ಕಾರ ಪ್ರತಿ ಪ್ರದೇಶಕ್ಕೂ ಒಂದು ಪಾಲು ಕೊಡುತ್ತದೆ, ಪ್ರದೇಶ ಅದನ್ನು ಊರೂರಿಗೆ ಹಂಚುತ್ತದೆ. ಎಲ್ಲರೂ ಇದನ್ನು 'ರೀನಾ' ಅನ್ನುತ್ತಾರೆ. ಈ ಸುತ್ತಿನಲ್ಲಿ ಇಡೀ ರಾಜ್ಯಕ್ಕೆ ಸುಮಾರು 25 ಲಕ್ಷ ಮನೆ. ಬೇ ಏರಿಯಾದ ಪಾಲು 4,41,176. ಅವಧಿ 2023ರಿಂದ 2031.

ಉದಾಹರಣೆಗೆ ಆಪಲ್ ಕಂಪನಿ ಇರುವ ಊರು ಕುಪರ್ಟಿನೊ ತಗೊಳ್ಳಿ. ಅದರ ಪಾಲು 4,588. ಅದರೊಳಗೆ ನಾಲ್ಕು ಭಾಗ ಇದೆ. ಆ ಕೌಂಟಿಯ (ಜಿಲ್ಲೆ ಇದ್ದ ಹಾಗೆ) ಮಧ್ಯಮ ಆದಾಯದ ಅರ್ಧಕ್ಕಿಂತ ಕಡಿಮೆ ದುಡಿಯುವವರಿಗೆ 1,193. ಅರ್ಧದಿಂದ ಶೇ. 80ರವರೆಗೆ 687. ಶೇ. 80ರಿಂದ 120ರವರೆಗೆ 755. ಅದಕ್ಕೂ ಮೇಲಿನವರಿಗೆ 1,953. ನಿಮ್ಮ ಊರಿಗೂ ಇಂಥದೇ ನಾಲ್ಕು ಸಂಖ್ಯೆ ಇರುತ್ತವೆ. ಸಭೆಗೆ ಹೋಗುವ ಮುಂಚೆ ಅವನ್ನು ಬಾಯಿಪಾಠ ಮಾಡಿಕೊಳ್ಳಿ.

ಸಿಟಿ ತಾನೇ ಮನೆ ಕಟ್ಟುವುದಿಲ್ಲ. ಅಷ್ಟು ಮನೆ ಕಟ್ಟಲು ಸಾಧ್ಯವಾಗುವಂಥ ಜಾಗಗಳನ್ನು ಪಟ್ಟಿ ಮಾಡಿ, ಅಲ್ಲಿ ಝೋನಿಂಗ್ (ಎಲ್ಲಿ ಏನು, ಎಷ್ಟು ಕಟ್ಟಬಹುದು ಅನ್ನುವ ನಿಯಮ) ಬದಲಿಸಿ, ರಾಜ್ಯದ ವಸತಿ ಇಲಾಖೆಗೆ ತೋರಿಸಿ ಒಪ್ಪಿಗೆ ತಗೋಬೇಕು. ಕಳ್ಳಾಟ ನಡೆಯುವುದು ಇಲ್ಲೇ. ಚೆನ್ನಾಗಿ ನಡೆಯುತ್ತಿರುವ ಸೂಪರ್‌ಮಾರ್ಕೆಟ್ಟನ್ನು 'ಇದು ನಾಳೆ ಅಪಾರ್ಟ್‌ಮೆಂಟ್ ಆಗಬಹುದು' ಅಂತ ಪಟ್ಟಿಗೆ ಸೇರಿಸುತ್ತಾರೆ. ಮಾಲೀಕನಿಗೆ ಆ ಯೋಚನೆಯೇ ಇರುವುದಿಲ್ಲ. ಕಾಗದದ ಮೇಲೆ ಲೆಕ್ಕ ಸರಿಹೋಗುತ್ತದೆ, ಮನೆ ಏಳುವುದಿಲ್ಲ.

ನಿಮ್ಮ ಪ್ರಶ್ನೆ ಇಷ್ಟೇ ಇರಲಿ: ಈ ಗುರಿಗಾಗಿ ಯಾವ ಜಾಗದ ಯಾವ ನಿಯಮ ಯಾವ ತಿಂಗಳಲ್ಲಿ ಬದಲಾಗುತ್ತದೆ?

ಹಳೇಬೇರು

ನಾನು ಇನ್ನೊಂದು ಕಡೆಯವನು, ಮೊದಲೇ ಹೇಳಿಬಿಡುತ್ತೇನೆ. ಇಲ್ಲಿಗೆ ಬಂದು ಮನೆ ತಗೊಂಡು ಇಪ್ಪತ್ತು ವರ್ಷದ ಮೇಲಾಯಿತು. ಸದ್ದಿಲ್ಲದ ಬೀದಿ, ಒಳ್ಳೇ ಶಾಲೆ, ಹಿತ್ತಲಲ್ಲಿ ನಾಲ್ಕು ಗಿಡ ಅಂತಲೇ ಸಾಲದ ಹೊರೆ ಹೊತ್ತು ತಗೊಂಡಿದ್ದು. ಈಗ ರಾಜಧಾನಿ ಸಾಕ್ರಮೆಂಟೊದಲ್ಲಿ ಕೂತವರು ನಮ್ಮ ಬೀದಿಯಲ್ಲಿ ಎಷ್ಟು ಅಂತಸ್ತು ಏಳಬೇಕು ಅಂತ ಹೇಳುತ್ತಾರೆ. ನಾವು ಓಟು ಹಾಕಿ ಆರಿಸಿದ ಕೌನ್ಸಿಲ್‌ಗೆ ಬರೀ ಸಹಿ ಹಾಕುವ ಕೆಲಸ. ಇದು ಸರೀನಾ?

ಇನ್ನು ರಸ್ತೆ, ಒಳಚರಂಡಿ, ಶಾಲೆ. ಬಿಲ್ಡರ್ ಕಟ್ಟಿ ಲಾಭ ತಗೊಂಡು ಹೋಗುತ್ತಾನೆ. ಅದೇ ಸಿಗ್ನಲ್‌ನಲ್ಲಿ ಉಳಿದ ಜನ್ಮ ನಿಲ್ಲುವವರು ನಾವು. 'ಊರಿನ ಚಹರೆ' ಅಂದರೆ ಎಲ್ಲರೂ ಆಡಿಕೊಳ್ಳುತ್ತಾರೆ. ನನಗೆ ಅದು ನಿಜವಾದ ಮಾತೇ.

ಬಾಡಿಗೆಗೂಡು

ಹಳೇಬೇರು ಸರ್, ನಿಮ್ಮ ಮೇಲೆ ಸಿಟ್ಟಿಲ್ಲ. ಆದರೆ ಶಾಲೆ ತುಂಬಿ ತುಳುಕುತ್ತದೆ ಅನ್ನುವ ಮಾತು ಈಗ ನಡೆಯುವುದಿಲ್ಲ. ಕುಪರ್ಟಿನೊದ ಶಾಲಾ ಜಿಲ್ಲೆಯಲ್ಲೇ ಮಕ್ಕಳು ಕಡಿಮೆಯಾಗಿ 2022ರಲ್ಲಿ ಪ್ರಾಥಮಿಕ ಶಾಲೆಗಳನ್ನು ಮುಚ್ಚಿದರು. ಚಿಕ್ಕ ಮಕ್ಕಳಿರುವವರಿಗೆ ಅಲ್ಲಿ ಮನೆ ತಗೊಳ್ಳುವುದು ಆಗುವುದಿಲ್ಲ ಅನ್ನುವುದೂ ಅದಕ್ಕೆ ಒಂದು ಕಾರಣ ಅಲ್ವಾ?

ನಮ್ಮ ಮಗಳ ಟೀಚರ್ ದೂರದ ಟ್ರೇಸಿ ಊರಿನಿಂದ ಆಲ್ಟಮಾಂಟ್ ಗುಡ್ಡ ದಾಟಿ ಬರುತ್ತಾರೆ. ನೀವು ಹೇಳುವ ಟ್ರಾಫಿಕ್‌ನಲ್ಲಿ ಅವರೂ ಇದ್ದಾರೆ. ಊರಲ್ಲಿ ಮನೆ ಕಟ್ಟದಿದ್ದರೆ ಕಾರು ಕಡಿಮೆಯಾಗುವುದಿಲ್ಲ. ಇನ್ನೂ ದೂರದಿಂದ ಬರುತ್ತದೆ, ಅಷ್ಟೇ.

ಪ್ರಾಪ್ 13 ಬಗ್ಗೆಯೂ ಒಂದು ಮಾತು. 1978ರ ಆ ಕಾನೂನಿನಿಂದ ಮನೆ ತೆರಿಗೆ ಕೊಂಡ ಬೆಲೆಯ ಮೇಲೆ ಶೇ. 1ರ ಸುತ್ತ ನಿಂತಿದೆ. ಲೆಕ್ಕದ ಬೆಲೆ ವರ್ಷಕ್ಕೆ ಶೇ. 2ಕ್ಕಿಂತ ಜಾಸ್ತಿ ಏರುವ ಹಾಗಿಲ್ಲ. ಅಕ್ಕಪಕ್ಕದ ಒಂದೇ ಥರದ ಮನೆಗಳು, ಮೊನ್ನೆ ಕೊಂಡವರು ಹಳಬರ ಹಲವು ಪಟ್ಟು ಕಟ್ಟುತ್ತಾರೆ. ಆ ಹೊಸಬರ ದುಡ್ಡಿನಲ್ಲಿ ಉದ್ಯಾನ, ಗ್ರಂಥಾಲಯ ನಡೆಯುತ್ತಿದೆ. ಹೊಸಬರು ಮಾತ್ರ ಬೇಡ!

ಹಿತ್ತಲಮನೆ

ಅಂಕಿ ಸಂಖ್ಯೆ ನಿಮಗೆ ಬಿಟ್ಟೆ. ನಾನು ಹಿತ್ತಲಲ್ಲಿ ಒಂದು ಸಣ್ಣ ಮನೆ ಕಟ್ಟಿಸಿದವಳು, ಎಡಿಯು ಅಂತಾರಲ್ಲ, ಅದು. ಅತ್ತೆ ಮಾವ ಬಂದಾಗ ಇರಲಿ, ಆಮೇಲೆ ಬಾಡಿಗೆಗೆ ಕೊಟ್ಟರಾಯಿತು ಅಂತ.

ರಾಜ್ಯದ ಕಾನೂನು ನಮ್ಮ ಪರವಾಗಿಯೇ ಇದೆ. ಅರ್ಜಿ ಪೂರ್ತಿ ಇದ್ದರೆ ಸಿಟಿ 60 ದಿನದೊಳಗೆ ಹೇಳಬೇಕು. ಬದಿ ಮತ್ತು ಹಿಂದಿನ ಗಡಿಯಿಂದ 4 ಅಡಿ ಬಿಟ್ಟರೆ ಸಾಕು. 750 ಚದರಡಿಗಿಂತ ಚಿಕ್ಕದಿದ್ದರೆ ಇಂಪ್ಯಾಕ್ಟ್ ಶುಲ್ಕ (ಹೊಸ ಮನೆಯಿಂದ ಊರಿನ ಸೌಕರ್ಯಗಳ ಮೇಲೆ ಬೀಳುವ ಹೊರೆಗೆ ತಗೊಳ್ಳುವ ದುಡ್ಡು) ಇಲ್ಲ. ಆದರೆ ನಮ್ಮ ಸಿಟಿಯ ಕೌಂಟರ್‌ನಲ್ಲಿ ನಡೆದಿದ್ದೇ ಬೇರೆ. ಒಂದು ಸಲ ಕಿಟಕಿ ಸರಿಯಿಲ್ಲ. ಅದನ್ನು ತಿದ್ದಿ ಕೊಟ್ಟರೆ ಚಾವಣಿಯ ಇಳಿಜಾರು ಸರಿಯಿಲ್ಲ. ಅದೂ ಮುಗಿಯಿತು ಅನ್ನುವಾಗ ಹೊಸ ಆಫೀಸರ್ ಬಂದು ನೀರಿನ ಮೀಟರ್ ಕೇಳಿದರು. ಎಲ್ಲವನ್ನೂ ಮೊದಲೇ ಒಟ್ಟಿಗೆ ಹೇಳಿದ್ದರೆ ಆಗುತ್ತಿರಲಿಲ್ವಾ?

ಮೂಲೆಮನೆ ಅವರೇ, ನೀವು ಇದನ್ನೂ ಕೇಳಿ. ಮೊದಲೇ ಒಪ್ಪಿಗೆ ಕೊಟ್ಟ ಎಡಿಯು ನಕ್ಷೆಗಳನ್ನು ಎಲ್ಲ ಸಿಟಿಗಳೂ 2025ರ ಜನವರಿಯೊಳಗೆ ವೆಬ್‌ಸೈಟಿನಲ್ಲಿ ಇಡುವ ಏರ್ಪಾಡು ಮಾಡಬೇಕು ಅಂತ ಕಾನೂನಿದೆ. ನಿಮ್ಮ ಊರಿನ ಪುಟದಲ್ಲಿ ಎಷ್ಟು ನಕ್ಷೆ ಇದೆ ನೋಡಿ. ಒಂದೂ ಇಲ್ಲದಿದ್ದರೆ ಮೂರು ನಿಮಿಷದಲ್ಲಿ ಒಂದು ನಿಮಿಷ ಅದಕ್ಕೇ ಕೊಡಿ.

ಮೂಲೆಮನೆ

ನೋಡಿದೆ. 'ಶೀಘ್ರದಲ್ಲಿ' ಅಂತ ಹಾಕಿದ್ದಾರೆ.

ನಕ್ಷೆಗಾರ ಅವರೇ, ಶಾಪಿಂಗ್ ಸೆಂಟರ್ ಜಾಗಕ್ಕೆ ಎಕರೆಗೆ 30 ಮನೆ ಅಂತ ಝೋನಿಂಗ್ ಆಗಲೇ ಬದಲಾಗಿದೆಯಂತೆ. ಹಾಗಾದರೆ ಅಲ್ಲಿ ಇನ್ನೇನು ಕೇಳುವುದು?

ನಕ್ಷೆಗಾರ

ತುಂಬಾ ಇದೆ. 30 ಅನ್ನುವುದು ಸುಮ್ನೆ ಬಂದಿದ್ದಲ್ಲ. ದೊಡ್ಡ ಊರುಗಳ ಸುತ್ತಲಿನ ಸಿಟಿಗಳು ಎಕರೆಗೆ 30 ಮನೆ ಅಂತ ಬರೆದರೆ, ಆ ಜಾಗದಲ್ಲಿ ಕಡಿಮೆ ಆದಾಯದವರ ಮನೆ ಆಗಬಹುದು ಅಂತ ಕಾನೂನು ಒಪ್ಪಿಕೊಳ್ಳುತ್ತದೆ. ಅದಕ್ಕೇ ಎಲ್ಲರೂ ಸರಿಯಾಗಿ 30 ಬರೆಯುತ್ತಾರೆ. ಬರೆದ ಮೇಲೆ ಉಳಿದ ನಿಯಮಗಳನ್ನು ಹಾಗೇ ಬಿಡುತ್ತಾರೆ.

ಲೆಕ್ಕ ಮಾಡಿ ನೋಡೋಣ. ಒಂದು ಎಕರೆ ಅಂದರೆ 43,560 ಚದರಡಿ. 30 ಮನೆ, ಮನೆಗೆ ಎರಡು ಕಾರು ನಿಲ್ಲಬೇಕು ಅನ್ನುವ ನಿಯಮ. 60 ಕಾರಾಯಿತು. ಓಡಾಡುವ ದಾರಿ ಸೇರಿ ಒಂದು ಕಾರಿಗೆ ಸುಮಾರು 325 ಚದರಡಿ ಇಡಿ. 19,500 ಚದರಡಿ ಹೋಯಿತು, ಅಂದರೆ ಎಕರೆಯಲ್ಲಿ ಶೇ. 45ರಷ್ಟು ಬರೀ ಡಾಂಬರು. ರಸ್ತೆಯಿಂದ 20 ಅಡಿ, ಹಿಂದೆ 20 ಅಡಿ ಬಿಡಿ. ಮರಗಿಡಕ್ಕೆ ಶೇ. 20 ಬಿಡಿ. ಉಳಿದ ಚೂರಿನಲ್ಲಿ 30 ಮನೆ ಏಳಬೇಕು, ಆದರೆ ಎತ್ತರ 30 ಅಡಿ ದಾಟಬಾರದು. ತುಂಬಾ ಕಷ್ಟ. ಕಾರನ್ನು ನೆಲದಡಿಗೆ ಕಳಿಸಬಹುದು, ಅದಕ್ಕೆ ಖರ್ಚು ಎಷ್ಟಾಗುತ್ತದೆ ಅಂದರೆ ಬಿಲ್ಡರ್ ಅಲ್ಲಿಗೇ ಕೈಬಿಡುತ್ತಾನೆ.

ಇದು ಬಾಗಿಲು ತೆರೆದಿಟ್ಟು ಹೊಸ್ತಿಲಿಗೆ ಗೋಡೆ ಕಟ್ಟಿದ ಹಾಗೆ. ಗುರಿಯಲ್ಲಿ ಬಾಗಿಲು ಮಾತ್ರ ಕಾಣುತ್ತದೆ.

ರೈಲು ನಿಲ್ದಾಣದಂಥ ದೊಡ್ಡ ಸಾರಿಗೆ ತಾಣದ ಅರ್ಧ ಮೈಲಿಯೊಳಗೆ ಆ ಪಾರ್ಕಿಂಗ್ ನಿಯಮ ಈಗ ಬಹುತೇಕ ನಡೆಯುವುದಿಲ್ಲ. 2022ರಲ್ಲಿ ರಾಜ್ಯವೇ ಕಾನೂನು ಮಾಡಿತು. ನಿಮ್ಮ ಶಾಪಿಂಗ್ ಸೆಂಟರ್ ಆ ಅರ್ಧ ಮೈಲಿಯ ಒಳಗಿದೆಯೋ ಹೊರಗಿದೆಯೋ ಅಳೆದು ನೋಡಿ. ಹೊರಗಿದ್ದರೆ ನೀವು ಕೇಳಬೇಕಾದ್ದು ಎತ್ತರ ಮತ್ತು ಪಾರ್ಕಿಂಗ್. ಎಕರೆಗೆ ಎಷ್ಟು ಅನ್ನುವುದನ್ನಲ್ಲ.

ಚಿರತೆಗುಡ್ಡ

ಗುರಿಗಳ ಮಾತು ಬಂದಾಗ ವುಡ್‌ಸೈಡ್ ನೆನಪಾಗದೆ ಇರುತ್ತಾ? ಒಂದು ಸೈಟಿನಲ್ಲಿ ಎರಡು ಮನೆ ಕಟ್ಟಬಹುದು ಅಂತ ಎಸ್‌ಬಿ 9 ಕಾನೂನು 2022ರ ಜನವರಿಯಲ್ಲಿ ಜಾರಿಗೆ ಬಂತು. ಆ ಸಿರಿವಂತ ಊರು ತಕ್ಷಣ ಏನಂತು ಗೊತ್ತಾ? ನಮ್ಮ ಇಡೀ ಊರೇ ಬೆಟ್ಟದ ಸಿಂಹದ (ಪ್ಯೂಮಾ) ವಾಸಸ್ಥಾನ, ಇಲ್ಲಿ ಆ ಕಾನೂನು ನಡೆಯಲ್ಲ! ಅಲ್ಲಿಯವರೆಗೆ ದೊಡ್ಡ ದೊಡ್ಡ ಬಂಗಲೆ ಕಟ್ಟುವಾಗ ಆ ಸಿಂಹ ಎಲ್ಲಿತ್ತೋ. ರಾಜ್ಯದ ಅಟಾರ್ನಿ ಜನರಲ್ ಪತ್ರ ಬರೆದರು. ಫೆಬ್ರವರಿಯಲ್ಲೇ ಊರು ಆ ಮಾತು ವಾಪಸ್ ತಗೊಂಡಿತು.

ಹಳೇಬೇರು

ಸಿಂಹದ ಕತೆಗೆ ನಾನೂ ನಕ್ಕೆ. ಆದರೆ ಎಲ್ಲ ಊರೂ ವುಡ್‌ಸೈಡ್ ಅಲ್ಲ.

ನನ್ನ ನಿಜವಾದ ತಕರಾರು ಬೇರೆ. ಮನೆ ಸಾಲದು ಅಂತ ನಮ್ಮ ಮೇಲೆ ಬೆರಳು ತೋರಿಸುವ ಇದೇ ಕೌನ್ಸಿಲ್‌ಗಳು ಆಫೀಸಿಗೆ ಯಾವತ್ತಾದರೂ ಬೇಡ ಅಂದಿವೆಯಾ? ಕುಪರ್ಟಿನೊ 2013ರಲ್ಲಿ ಆಪಲ್ ಪಾರ್ಕ್‌ಗೆ ಒಪ್ಪಿಗೆ ಕೊಟ್ಟಿತು. 12,000 ಜನ ಕೆಲಸ ಮಾಡುವ ಜಾಗ. ಅಷ್ಟು ಜನ ಎಲ್ಲಿ ಮಲಗುತ್ತಾರೆ ಅಂತ ಅವತ್ತೇ ಲೆಕ್ಕ ಹಾಕಬೇಕಿತ್ತು. ಆಫೀಸು ಒಂದು ಊರಿಗೆ, ಮನೆ ಪಕ್ಕದ ಊರಿಗೆ, ಕಾರು ಎಲ್ಲರ ರಸ್ತೆಗೆ.

ನಕ್ಷೆಗಾರ

ಇಲ್ಲಿ ನಾನು ಹಳೇಬೇರು ಅವರ ಜೊತೆ. ಇದರ ಹಿಂದೆ ದುಡ್ಡಿನ ಲೆಕ್ಕ ಇದೆ. ಊರಿನೊಳಗೆ ನಡೆದ ತೆರಿಗೆ ಬೀಳುವ ಮಾರಾಟದ ಮೊತ್ತದಲ್ಲಿ ಶೇ. 1ರಷ್ಟು ಮಾರಾಟ ತೆರಿಗೆಯಾಗಿ ಸಿಟಿಯ ಖಜಾನೆಗೆ ಬರುತ್ತದೆ. ಹೋಟೆಲ್ ತೆರಿಗೆ ಪೂರ್ತಿ ಸಿಟಿಯದೇ. ಮನೆಯ ತೆರಿಗೆ ಮಾತ್ರ ಕೌಂಟಿ, ಶಾಲೆ, ಇತರ ಸ್ಥಳೀಯ ಸಂಸ್ಥೆಗಳಿಗೆಲ್ಲ ಹಂಚಿಹೋಗಿ ಸಿಟಿಗೆ ಒಂದು ಸಣ್ಣ ಪಾಲು ಸಿಗುತ್ತದೆ. ಅದೂ ಪ್ರಾಪ್ 13ರಿಂದ ಬೆಲೆಯ ಜೊತೆ ಏರುವುದಿಲ್ಲ. ಹೀಗಿರುವಾಗ ಹಣಕಾಸು ವಿಭಾಗದವರು ಕೌನ್ಸಿಲ್‌ಗೆ ಏನು ಸಲಹೆ ಕೊಡುತ್ತಾರೆ? ಕಾರ್ ಶೋರೂಮ್ ತನ್ನಿ, ಹೋಟೆಲ್ ತನ್ನಿ. ಮನೆ ಕೊನೆಗೆ.

ಅದಕ್ಕೇ ಗುರಿಗಳ ಪಟ್ಟಿಯಲ್ಲಿ 'ಆರ್ಥಿಕ ಅಭಿವೃದ್ಧಿ' ಮತ್ತು 'ವಸತಿ' ಬೇರೆ ಬೇರೆ ಪುಟದಲ್ಲಿ ಇರುತ್ತವೆ. ಎರಡನ್ನೂ ಒಂದೇ ಕಡೆ ತನ್ನಿ ಅಂತ ಕೇಳಿ. ಹೊಸ ಆಫೀಸಿಗೆ ಒಪ್ಪಿಗೆ ಕೊಟ್ಟರೆ ಅದಕ್ಕೆ ತಕ್ಕ ಮನೆಗಳ ಜಾಗ ಎಲ್ಲಿ ಅಂತ ಅದೇ ವರದಿಯಲ್ಲಿ ಬರಲಿ.

ಡಲ್ಲಾಸ್‌ಬದಿ

ನಾನು ಟೆಕ್ಸಾಸ್‌ನಿಂದ. ಇಲ್ಲಿ ಕೌನ್ಸಿಲ್ ಗುರಿ ಅಂದರೆ ಊರನ್ನು ಹೊರಕ್ಕೆ ಹಿಗ್ಗಿಸುವುದು. ಹೊಲ ಇತ್ತು, ಈಗ ಮನೆ ಇದೆ. ಈಗ ಇಲ್ಲೂ ಜಾಗ ದೂರವಾಗಿದೆ. 2025ರಲ್ಲಿ ರಾಜ್ಯವೇ ದೊಡ್ಡ ಊರುಗಳಲ್ಲಿ ಆಫೀಸು, ಅಂಗಡಿ ಜಾಗದಲ್ಲಿ ಅಪಾರ್ಟ್‌ಮೆಂಟ್ ಕಟ್ಟಲು ಬಿಡಬೇಕು ಅಂತ ಕಾನೂನು ಮಾಡಿತು. ಕ್ಯಾಲಿಫೋರ್ನಿಯಾದವರು ಮಾತ್ರ ರಾಜ್ಯದ ಕೈ ಉದ್ದ ಅಂದುಕೊಳ್ಳಬೇಡಿ. ಮನೆ ತೆರಿಗೆ ಇಲ್ಲಿ ನಿಮಗಿಂತ ಎಷ್ಟೋ ಜಾಸ್ತಿ, ಅದಿರಲಿ.

ಎಡಿಸನ್‌ವಾಸಿ

ನ್ಯೂಜೆರ್ಸಿಯಲ್ಲಿ ಇದು 1975ರಿಂದಲೇ ಇದೆ. ಮೌಂಟ್ ಲಾರೆಲ್ ಅನ್ನುವ ಉಪನಗರ ಬಡವರ ಮನೆಗೆ ಜಾಗ ಕೊಡದಂತೆ ಝೋನಿಂಗ್ ಮಾಡಿತ್ತು. ರಾಜ್ಯದ ಸುಪ್ರೀಂ ಕೋರ್ಟ್ 'ಹಾಗೆ ಮಾಡುವಂತಿಲ್ಲ, ಪ್ರತಿ ಊರೂ ತನ್ನ ಪಾಲು ಹೊರಬೇಕು' ಅಂತ ತೀರ್ಪು ಕೊಟ್ಟಿತು. ಐವತ್ತು ವರ್ಷ ಆಯಿತು, ಊರುಗಳು ಇನ್ನೂ ಪಾಲು ಎಷ್ಟು ಅಂತ ಜಗಳ ಆಡುತ್ತಿವೆ.

ಬಾಡಿಗೆಗೂಡು

ಗುರಿ ಮುಟ್ಟದಿದ್ದರೆ ಏನಾಗುತ್ತದೆ? ಯಾರಾದರೂ ಹೇಳಿ. ಏನೂ ಆಗುವುದಿಲ್ಲ ಅಂದರೆ ಈ ಮಾತೆಲ್ಲ ಯಾಕೆ?

ನಕ್ಷೆಗಾರ

ಈಗ ಆಗುತ್ತದೆ. ಎರಡು ಥರ.

ಮೊದಲನೆಯದು: ನಾನು ಮೊದಲು ಹೇಳಿದ ಜಾಗಗಳ ಪಟ್ಟಿ ಇರುವ ವಸತಿ ಯೋಜನೆಗೆ ಸಮಯಕ್ಕೆ ಸರಿಯಾಗಿ ರಾಜ್ಯದ ಒಪ್ಪಿಗೆ ತಗೊಳ್ಳದ ಊರಿನಲ್ಲಿ ಬಿಲ್ಡರ್ ಸ್ಥಳೀಯ ಝೋನಿಂಗ್ ಮೀರಿ ಅರ್ಜಿ ಹಾಕಬಹುದು, ಅದರಲ್ಲಿ ಒಂದಿಷ್ಟು ಮನೆ ಕಡಿಮೆ ಆದಾಯದವರಿಗೆ ಇದ್ದರೆ ಸಾಕು. 'ಬಿಲ್ಡರ್ಸ್ ರೆಮಿಡಿ' ಅಂತಾರೆ. 1990ರಿಂದ ಕಾನೂನಿನಲ್ಲಿ ಇತ್ತು, ಯಾರೂ ಬಳಸುತ್ತಿರಲಿಲ್ಲ. 2022ರಲ್ಲಿ ಸಾಂಟಾ ಮೋನಿಕಾದಲ್ಲಿ ಆ ಕಿಂಡಿ ತೆರೆದಾಗ 4,000ಕ್ಕೂ ಜಾಸ್ತಿ ಮನೆಗಳ ಅರ್ಜಿ ಬಂದು ಬಿದ್ದವು. ಬೇ ಏರಿಯಾದ ಗಡುವು 2023ರ ಜನವರಿ 31 ಆಗಿತ್ತು, ಬಹಳ ಊರುಗಳು ಅದನ್ನು ದಾಟಿಸಿಕೊಂಡವು. 2024ರಲ್ಲಿ ಆ ನಿಯಮಕ್ಕೆ ಒಂದಿಷ್ಟು ಅಂಕೆ ಹಾಕಿದರು.

ಎರಡನೆಯದು: ಪಾಲಿನಷ್ಟು ಪರ್ಮಿಟ್ ಕೊಡದ ಊರಿನಲ್ಲಿ, ನಿಯಮಕ್ಕೆ ಹೊಂದುವ ಯೋಜನೆಗೆ ಕೌನ್ಸಿಲ್ ಇಲ್ಲ ಅನ್ನುವ ಹಾಗಿಲ್ಲ. ಕುಪರ್ಟಿನೊದ ವಾಲ್ಕೊ ಮಾಲ್ ಕತೆ ಇದೇ. 2016ರಲ್ಲಿ ಆ ಜಾಗದ ಬಗ್ಗೆ ಎರಡು ಪ್ರಸ್ತಾಪ ಮತಕ್ಕೆ ಬಂದವು, ಜನ ಎರಡನ್ನೂ ಸೋಲಿಸಿದರು. 2018ರಲ್ಲಿ ಬಿಲ್ಡರ್ ಎಸ್‌ಬಿ 35 ಅನ್ನುವ ಇದೇ ಕಾನೂನು ಹಿಡಿದು 2,402 ಮನೆಗೆ ಅರ್ಜಿ ಹಾಕಿದ. ಅವುಗಳಲ್ಲಿ ಅರ್ಧದಷ್ಟು ಮನೆ ಕಡಿಮೆ ಬೆಲೆಯವು. ಸಿಟಿ ಒಪ್ಪಲೇಬೇಕಾಯಿತು. 2020ರಲ್ಲಿ ಕೋರ್ಟೂ ಎತ್ತಿಹಿಡಿಯಿತು.

ಆದರೆ ಒಪ್ಪಿಗೆ ಸಿಕ್ಕ ಮೇಲೂ ಆ ಜಾಗ ವರ್ಷಗಟ್ಟಲೆ ಖಾಲಿ ಬಿದ್ದಿತ್ತು. ಇದನ್ನು ಮನೆ ಪರ ಮಾತಾಡುವವರು ಹೇಳುವುದೇ ಇಲ್ಲ, ಹೇಳಬೇಕು. ಬಡ್ಡಿ, ಕಟ್ಟುವ ಖರ್ಚು, ಸಾಲ ಕೊಡುವವರ ಮನಸ್ಸು, ಇವು ಯಾವುದೂ ಕೌನ್ಸಿಲ್ ಕೈಯಲ್ಲಿಲ್ಲ. ಅದರ ಕೈಯಲ್ಲಿ ಇರುವುದು ನಿಯಮ, ಶುಲ್ಕ, ಸಮಯ ಮತ್ತು ಸಿಟಿಯ ಸ್ವಂತ ಜಮೀನು. ಅಷ್ಟನ್ನೇ ಬಿಗಿಯಾಗಿ ಹಿಡಿಯಿರಿ.

ಹಳೇಬೇರು

ನೋಡಿ, ಇದನ್ನೇ ನಾನು ನಮ್ಮ ಕಡೆಯವರಿಗೆ ಹೇಳುವುದು. ಊರೇ ಮೊದಲು ಕೂತು ಎಲ್ಲಿ ನಾಲ್ಕು ಅಂತಸ್ತು, ಎಲ್ಲಿ ಆರು ಅಂತ ತೀರ್ಮಾನ ಮಾಡಿದರೆ ನಮ್ಮ ಮಾತಿಗೆ ಬೆಲೆ ಇರುತ್ತದೆ. ತಡಮಾಡಿದರೆ ಬಿಲ್ಡರ್ ತೀರ್ಮಾನ ಮಾಡುತ್ತಾನೆ. ನಿಲ್ದಾಣದ ಸುತ್ತ ಹೆಚ್ಚು ಎತ್ತರದ ಕಟ್ಟಡಕ್ಕೆ ಬಿಡಬೇಕು ಅನ್ನುವ ಇನ್ನೊಂದು ಕಾನೂನು, ಎಸ್‌ಬಿ 79, 2026ರ ಜುಲೈನಿಂದ ಬಂತಲ್ಲ, ಅದರಲ್ಲೂ ಸಿಟಿ ತನ್ನದೇ ಬದಲಿ ಯೋಜನೆ ಮಾಡಬಹುದು ಅಂತ ಓದಿದೆ. ನಮ್ಮ ಕೌನ್ಸಿಲ್ ಆ ಕೆಲಸ ಶುರು ಮಾಡಿದೆಯಾ ಅಂತ ನಾನೇ ಕೇಳುತ್ತೇನೆ. ಒಳಗಿನ ಬೀದಿಗಳನ್ನು ಹಾಗೇ ಬಿಟ್ಟು ನಿಲ್ದಾಣ, ಮಾಲ್ ಕಡೆ ಕಟ್ಟುವುದಾದರೆ ನನ್ನ ಅಡ್ಡಿ ಇಲ್ಲ.

ಬಾಡಿಗೆಗೂಡು

ಒಳಗಿನ ಬೀದಿಗಳನ್ನು ಪೂರ್ತಿ ಬಿಡುವುದಕ್ಕೆ ನಾನು ಒಪ್ಪಲ್ಲ ಸರ್. ಹೆದ್ದಾರಿ ಪಕ್ಕದ ಹೊಗೆಯಲ್ಲಿ ಬಾಡಿಗೆಯವರು, ಮರದ ನೆರಳಲ್ಲಿ ಮಾಲೀಕರು. ಯಾವಾಗಲೂ ಇದೇ ಹಂಚಿಕೆ.

ಇನ್ನೊಂದು. ಊರುಗಳು ಮೇಲಿನ ಆದಾಯದವರ ಮನೆಯ ಲೆಕ್ಕ ಹೇಗೋ ಮುಟ್ಟುತ್ತವೆ. ಕೆಳಗಿನ ಎರಡು ಆದಾಯ ಗುಂಪಿನಲ್ಲಿ ಹಿಂದೆ ಬೀಳುತ್ತವೆ. ಅದಕ್ಕೆ ದುಡ್ಡು ಬೇಕು. ಸಾಂಟಾ ಕ್ಲಾರಾ ಕೌಂಟಿಯವರು 2016ರಲ್ಲಿ ಕಡಿಮೆ ಬೆಲೆಯ ಮನೆಗಾಗಿ 95 ಕೋಟಿ ಡಾಲರ್ ಸಾಲ ಎತ್ತುವ ಬಾಂಡಿಗೆ ಓಟು ಹಾಕಿದರು, ಅದರಿಂದ ಮನೆಗಳೂ ಎದ್ದವು. ನಿಮ್ಮ ಸಿಟಿಯ ಹತ್ತಿರ ಖಾಲಿ ಪಾರ್ಕಿಂಗ್ ಜಾಗ ಇದೆಯಾ? ಚರ್ಚ್‌ಗಳ ಹತ್ತಿರ ಇದೆಯಾ? ಧಾರ್ಮಿಕ ಸಂಸ್ಥೆಗಳ ಜಮೀನಿನಲ್ಲಿ ಕಡಿಮೆ ಬೆಲೆಯ ಮನೆ ಕಟ್ಟಲು 2023ರ ಎಸ್‌ಬಿ 4 ದಾರಿ ಮಾಡಿಕೊಟ್ಟಿದೆ. ಕೌನ್ಸಿಲ್ ಅವರನ್ನು ಕರೆದು ಮಾತಾಡಿದ್ದರೆ ಸಾಕು, ಅದೂ ಒಂದು ಗುರಿ.

ಮೂಲೆಮನೆ

ಎಲ್ಲರಿಗೂ ಥ್ಯಾಂಕ್ಸ್. ಇದನ್ನು ಬರೆದಿದ್ದೇನೆ, ಕತ್ತರಿ ಹಾಕಿ:

'ಕೌನ್ಸಿಲ್ ಸದಸ್ಯರೇ, ಎಲ್ಲ ಆದಾಯದವರಿಗೂ ಮನೆ ಅನ್ನುವ ಗುರಿಗೆ ನನ್ನ ಬೆಂಬಲ ಇದೆ. ಅದರ ಕೆಳಗೆ ನಾಲ್ಕು ಸಾಲು ಸೇರಿಸಿ. ಒಂದು, ಶಾಪಿಂಗ್ ಸೆಂಟರ್ ಜಾಗದ ಎತ್ತರ ಮತ್ತು ಪಾರ್ಕಿಂಗ್ ನಿಯಮ ಈ ವರ್ಷ ಮುಗಿಯುವುದರೊಳಗೆ ಮತಕ್ಕೆ ಬರಲಿ. ಎರಡು, ಒಪ್ಪಿಗೆ ಪಡೆದ ಎಡಿಯು ನಕ್ಷೆಗಳು ಮೂರು ತಿಂಗಳಲ್ಲಿ ವೆಬ್‌ಸೈಟಿಗೆ ಬರಲಿ. ಮೂರು, ಸಿಟಿಯ ಸ್ವಂತ ಜಮೀನುಗಳ ಪಟ್ಟಿ ಸಾರ್ವಜನಿಕವಾಗಲಿ. ನಾಲ್ಕು, ನಮ್ಮ ಪಾಲಿನ ನಾಲ್ಕು ಆದಾಯ ಗುಂಪುಗಳಲ್ಲಿ ಎಷ್ಟು ಪರ್ಮಿಟ್ ಆಗಿದೆ ಅಂತ ಗುರಿಗಳ ಪಕ್ಕದಲ್ಲೇ ಅಚ್ಚಾಗಲಿ.'

ನಕ್ಷೆಗಾರ

ನಾಲ್ಕನೆಯದಕ್ಕೆ ಒಂದು ದಿನಾಂಕ ಕೊಡಿ. ಪ್ರತಿ ವರ್ಷ ಏಪ್ರಿಲ್ 1ರೊಳಗೆ ಸಿಟಿ ರಾಜ್ಯಕ್ಕೆ ಪ್ರಗತಿ ವರದಿ ಕಳಿಸಲೇಬೇಕು. ಆ ವರದಿ ಮಾಮೂಲಿ ಕಡತಗಳ ಜೊತೆ ಚರ್ಚೆಯಿಲ್ಲದೆ ಪಾಸಾಗುತ್ತದೆ. ಅದನ್ನು ಗುರಿಗಳ ಜೊತೆಗೆ ಒಂದೇ ಸಭೆಯಲ್ಲಿ ಚರ್ಚೆ ಮಾಡಿ ಅಂತ ಕೇಳಿ. ಹೊಸ ಖರ್ಚಿಲ್ಲ, ಇಲ್ಲ ಅನ್ನಲು ಕಾರಣ ಸಿಗುವುದಿಲ್ಲ.

ಮಾಮೂಲಿ ಸಭೆಯ ವಿಷಯಪಟ್ಟಿ 72 ಗಂಟೆ ಮುಂಚೆ ಹೊರಬರಬೇಕು, ವಿಶೇಷ ಸಭೆಗೆ 24 ಗಂಟೆ ಸಾಕು. ಹಾಗಾಗಿ ನಿಮ್ಮ ಪತ್ರವನ್ನು ಈಗಲೇ ಸಿಟಿ ಕ್ಲರ್ಕ್‌ಗೆ ಕಳಿಸಿ. ಸಭೆಯ ದಿನ ಕಳಿಸಿದರೆ ಸದಸ್ಯರು ಓದುವಷ್ಟರಲ್ಲಿ ಮತ ಮುಗಿದಿರುತ್ತದೆ.

ಹಳೇಬೇರು

ಐದನೇ ಸಾಲು ನನ್ನದು, ಸೇರಿಸಿಕೊಳ್ಳಿ: ಹೊಸ ಆಫೀಸಿಗೆ ಒಪ್ಪಿಗೆ ಕೊಡುವ ಪ್ರತಿ ವರದಿಯಲ್ಲೂ ಅದರಿಂದ ಎಷ್ಟು ಮನೆ ಬೇಕಾಗುತ್ತದೆ ಅನ್ನುವ ಲೆಕ್ಕ ಇರಲಿ. ಇದಕ್ಕೆ ನನ್ನ ಸಹಿಯೂ ಹಾಕುತ್ತೇನೆ. ಒಳಗಿನ ಬೀದಿಗಳ ವಿಷಯ ಬಾಡಿಗೆಗೂಡು ಅವರ ಜೊತೆ ಬೇರೆ ಎಳೆಯಲ್ಲಿ ಮುಂದುವರಿಸುತ್ತೇನೆ.

ಮೂಲೆಮನೆ

ಸೇರಿಸಿದೆ. ಓದಿ ನೋಡಿದರೆ ಮೂರು ನಿಮಿಷಕ್ಕೆ ಸ್ವಲ್ಪ ಜಾಸ್ತಿಯೇ ಆಗುತ್ತಿದೆ. ಜಮೀನಿನ ಸಾಲನ್ನು ಬಾಡಿಗೆಗೂಡು ಅವರು ಆನ್‌ಲೈನ್‌ನಲ್ಲಿ ಮಾತಾಡುವಾಗ ಹೇಳುತ್ತಾರಾ? ಲಿಂಕ್ ನಿಮ್ಮ ಇನ್‌ಬಾಕ್ಸಿಗೆ ಹಾಕಿದ್ದೇನೆ. ಪತ್ರ ಇವತ್ತೇ ಕ್ಲರ್ಕ್‌ಗೆ ಹೋಗುತ್ತದೆ.